ವಿಸೆಂಟೆ ಲುಸಿತಾನೊ: ವಾದ ಗೆದ್ದವನ ಹೆಸರು ಎಲ್ಲಿ ಹೋಯಿತು?

ಸ್ವರಸಂಚಾರಿ:
ಎಲ್ಲರಿಗೂ ನಮಸ್ಕಾರ. ಯುರೋಪಿನ ಹಳೆಯ ಚರ್ಚ್ ಸಂಗೀತದ ಮಾತು ಇಲ್ಲಿ ಬಂದಾಗಲೆಲ್ಲ ಪ್ಯಾಲೆಸ್ಟ್ರೀನಾ, ಜೋಸ್ಕನ್, ವಿಕ್ಟೋರಿಯಾ ಹೆಸರುಗಳಲ್ಲೇ ನಿಂತುಬಿಡುತ್ತೇವೆ. ಅವರೆಲ್ಲ ದೊಡ್ಡವರು, ಸರಿ. ಆದರೆ ಅದೇ ಕಾಲದಲ್ಲಿ, ಅದೇ ರೋಮ್‌ನಲ್ಲಿ ಇದ್ದ ಒಬ್ಬನ ಬಗ್ಗೆ ಮಾತಾಡಬೇಕು ಅಂತ ಬಹಳ ದಿನದಿಂದ ಆಸೆ. ಅವನೇ ವಿಸೆಂಟೆ ಲುಸಿತಾನೊ.

ಹುಟ್ಟಿದ್ದು ಒಲಿವೆನ್ಸಾ ಎಂಬ ಊರಿನಲ್ಲಿ. ಆಗ ಅದು ಪೋರ್ಚುಗಲ್‌ನಲ್ಲಿತ್ತು. 1801ರಿಂದ ಸ್ಪೇನ್ ಕೈಯಲ್ಲಿದೆ. ಪಾದ್ರಿಯಾಗಿದ್ದ, ಸಂಗೀತ ಕಲಿಸುತ್ತಿದ್ದ, ಶಾಸ್ತ್ರ ಬರೆಯುತ್ತಿದ್ದ. 1551ರಲ್ಲಿ ರೋಮ್‌ನ ದೋರಿಕೊ ಮುದ್ರಣಾಲಯದಿಂದ ಅವನ 23 ಮೋಟೆಟ್‌ಗಳ ಸಂಪುಟ ಹೊರಬಂತು. ಮೋಟೆಟ್ ಅಂದರೆ ಲ್ಯಾಟಿನ್ ಪ್ರಾರ್ಥನೆಯ ಸಾಲುಗಳನ್ನು ಹಲವು ದನಿಗಳಲ್ಲಿ ಹೆಣೆದು ಹಾಡುವ ರಚನೆ. ಇವು 5, 6 ಮತ್ತು 8 ದನಿಗಳಿಗೆ ಬರೆದವು. ಆಫ್ರಿಕಾ ಮೂಲದ ಸಂಗೀತಗಾರನೊಬ್ಬನ ರಚನೆಗಳು ಅಚ್ಚಾದದ್ದು, ನಮಗೆ ಗೊತ್ತಿರುವಂತೆ, ಅದೇ ಮೊದಲು.

ಅದೇ ವರ್ಷ ರೋಮ್‌ನಲ್ಲಿ ಒಂದು ದೊಡ್ಡ ಸಂಗೀತವಾದದಲ್ಲಿ ಗೆದ್ದವನೂ ಇವನೇ. ಆದರೂ ನಾನು ಓದಿದ ಹಳೆಯ ಇತಿಹಾಸ ಪುಸ್ತಕಗಳಲ್ಲಿ ಇವನಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ ಸೋತವನ ಅಧ್ಯಾಯದಲ್ಲಿ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಗೊತ್ತಿರುವವರು ಸೇರಿಸಿ, ಗೊತ್ತಿಲ್ಲದವರು ಕೇಳಿ.

ವೀಣೆತಂತಿ:
ಮೊದಲ ಸಲ ಕೇಳುತ್ತಿರುವ ಹೆಸರು. ಅದೇನು ವಾದ ಸರ್? ಯಾರ ಜೊತೆ? ಸ್ವಲ್ಪ ಬಿಡಿಸಿ ಹೇಳ್ತೀರಾ?

ಸ್ವರಸಂಚಾರಿ:
ಹೇಳ್ತೀನಿ ಮೇಡಂ. ಇದು ಚೆನ್ನಾಗಿ ದಾಖಲಾಗಿರುವ ಪ್ರಸಂಗ.

ರೋಮ್‌ನಲ್ಲಿ ಬೆರ್ನಾರ್ದೊ ಅಚ್ಚಾಯುವೊಲಿ ಎಂಬವರ ಮನೆಯಲ್ಲಿ ಸಂಗೀತ ಕೂಟ ಇತ್ತು. ಅಲ್ಲಿ ‘ರೆಜೀನಾ ಚೇಲಿ’ ಎಂಬ ಮರಿಯಮ್ಮನ ಸ್ತುತಿ ಹಾಡಿದರು. ಹಾಡು ಮುಗಿದ ಮೇಲೆ ಮಾತು ಶುರುವಾಯಿತು. ನಿಕೊಲಾ ವಿಚೆಂಟಿನೊ ಎಂಬ ಇಟಾಲಿಯನ್ ಸಂಗೀತಗಾರ ಅಲ್ಲಿದ್ದ. ಅವನು, “ಈಗ ನಾವು ಹಾಡುವ ಸಂಗೀತ ಯಾವ ವರ್ಗದ್ದು ಅಂತ ಯಾವ ಸಂಗೀತಗಾರನಿಗೂ ಸರಿಯಾಗಿ ತಿಳಿದಿಲ್ಲ” ಎಂಬರ್ಥದಲ್ಲಿ ಮಾತಾಡಿದ. ಗ್ರೀಕರು ಸ್ವರಗಳ ಜೋಡಣೆಯನ್ನು ಮೂರು ವರ್ಗ ಮಾಡಿದ್ದರು: ಡಯಟೋನಿಕ್, ಕ್ರೋಮ್ಯಾಟಿಕ್, ಎನ್‌ಹಾರ್ಮೋನಿಕ್. ಈ ಮೂರೂ ಆಗ ಹಾಡುತ್ತಿದ್ದ ಸಂಗೀತದಲ್ಲಿ ಬೆರೆತಿವೆ ಅನ್ನುವುದು ವಿಚೆಂಟಿನೊ ಪಕ್ಷ. ಲುಸಿತಾನೊ ಒಪ್ಪಲಿಲ್ಲ. ಇದು ಡಯಟೋನಿಕ್ ಸಂಗೀತವೇ, ನನಗೆ ಗೊತ್ತು ಅಂದ.

ಎರಡು ಚಿನ್ನದ ಸ್ಕೂದಿ ನಾಣ್ಯಗಳ ಪಣ ಕಟ್ಟಿದರು. ತೀರ್ಪುಗಾರರು ಇಬ್ಬರು, ಇಬ್ಬರೂ ಪೋಪರ ಗಾಯನ ಮಂಡಳಿಯವರು. ಒಬ್ಬ ಸ್ಪೇನ್‌ನ ಬಾರ್ತೊಲೊಮೆ ದೆ ಎಸ್ಕೊಬೆದೊ, ಇನ್ನೊಬ್ಬ ನೆದರ್ಲ್ಯಾಂಡ್ಸ್ ಸೀಮೆಯ ಜೀಲ್ಯಾಂಡ್ ಕಡೆಯ ಗಿಸೆಲಿನ್ ಡಾಂಕರ್ಟ್ಸ್. ವಾದ ಕೇಳಲು ಕಾರ್ಡಿನಲ್ ಇಪ್ಪೊಲಿತೊ ದೆಸ್ತೆ ಬಂದು ಕೂತರು. ಗಮನಿಸಿ, ಈ ಕಾರ್ಡಿನಲ್ ವಿಚೆಂಟಿನೊಗೆ ಆಶ್ರಯ ಕೊಟ್ಟವರು. ಅಂದರೆ ಎದುರಾಳಿಯ ಧಣಿಯ ಮುಂದೆಯೇ ಲುಸಿತಾನೊ ವಾದಿಸಬೇಕಾಯಿತು. ಪ್ರಾಚೀನ ರೋಮನ್ ವಿದ್ವಾಂಸ ಬೊಯೆಥಿಯಸ್‌ನ ಸಂಗೀತ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ತನ್ನ ಮಾತು ಸಾಧಿಸಿದ. 1551ರ ಜೂನ್‌ನಲ್ಲಿ ತೀರ್ಪು ಬಂತು. ಲುಸಿತಾನೊ ಗೆದ್ದ. ವಿಚೆಂಟಿನೊ ಪಣದ ಹಣ ತೆತ್ತ.

ವೀಣೆತಂತಿ:
ಓದಿ ಕೈಯಲ್ಲಿದ್ದ ಕೆಲಸ ಬಿಟ್ಟು ವೀಣೆ ತೆಗೆದೆ! ಆ ಮೂರು ವರ್ಗಗಳ ವಿವರ ಹುಡುಕಿ ಮೆಟ್ಟಿಲುಗಳ ಮೇಲೆ ನುಡಿಸಿ ನೋಡಿದೆ. ಕರ್ನಾಟಕ ಸಂಗೀತ ಗೊತ್ತಿರುವವರಿಗೆ ಇದು ಕಷ್ಟವೇ ಇಲ್ಲ.

ಗ್ರೀಕರು ನಾಲ್ಕು ಸ್ವರಗಳ ಗುಂಪನ್ನು ಅಳತೆಗೆ ಇಟ್ಟುಕೊಂಡಿದ್ದರು. ಕೆಳಗಿನ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ಮೇಲಿನದು ಶುದ್ಧ ಮಧ್ಯಮ. ಈ ಎರಡು ಅಲುಗಾಡುವುದಿಲ್ಲ. ನಡುವಿನ ಎರಡು ಸ್ವರ ಎಲ್ಲಿ ಕೂರುತ್ತವೆ ಅನ್ನುವುದರ ಮೇಲೆ ವರ್ಗ ತೀರ್ಮಾನ. ಡಯಟೋನಿಕ್‌ನಲ್ಲಿ ಶುದ್ಧ ರಿಷಭ, ಸಾಧಾರಣ ಗಾಂಧಾರ. ಅಂದರೆ ತೋಡಿ ರಾಗದ ಪೂರ್ವಾಂಗ, ಅದರ ಕೆಳಗಿನ ಅರ್ಧ. ಕ್ರೋಮ್ಯಾಟಿಕ್‌ನಲ್ಲಿ ಶುದ್ಧ ರಿಷಭ, ಶುದ್ಧ ಗಾಂಧಾರ. ಅಂದರೆ ಕನಕಾಂಗಿಯ ಪೂರ್ವಾಂಗ: ಎರಡು ಸ್ವರ ಒತ್ತೊತ್ತಾಗಿ, ಆಮೇಲೆ ಮಧ್ಯಮಕ್ಕೆ ದೊಡ್ಡ ನೆಗೆತ. ಎನ್‌ಹಾರ್ಮೋನಿಕ್ ನಮ್ಮ ಹನ್ನೆರಡು ಸ್ವರಸ್ಥಾನದಲ್ಲಿ ಸಿಗುವುದಿಲ್ಲ. ಅರ್ಧ ಸ್ವರವನ್ನೇ ಮತ್ತೆ ಎರಡು ಪಾಲು ಮಾಡಬೇಕು.

ಈಗ ವಾದ ಏನು ಅಂತ ನನಗೆ ಅರ್ಥವಾದ ಹಾಗೆ ಹೇಳ್ತೀನಿ, ತಪ್ಪಿದ್ದರೆ ತಿದ್ದಿ. ಹಾಡಿನಲ್ಲಿ ಎಲ್ಲಾದರೂ ಅಂಥ ನೆಗೆತ ಕಂಡರೆ ಸಾಕು, ಅಲ್ಲಿ ಕ್ರೋಮ್ಯಾಟಿಕ್ ಬಂತು ಅನ್ನುತ್ತಾನೆ ವಿಚೆಂಟಿನೊ. ಮೋಹನದಲ್ಲಿ ಗಾಂಧಾರದಿಂದ ಪಂಚಮಕ್ಕೆ ಹೋಗುವುದೂ ಅಷ್ಟೇ ದೂರದ ನೆಗೆತ. ಹಾಗಂತ ಮೋಹನದಲ್ಲಿ ಕನಕಾಂಗಿ ಬೆರೆತಿದೆ ಅನ್ನೋಕಾಗತ್ತಾ? ಒತ್ತೊತ್ತಾದ ಆ ಎರಡು ಸ್ವರ ಬಂದರೆ ತಾನೇ ಆ ಛಾಯೆ? ನನ್ನ ಓಟು ಲುಸಿತಾನೊಗೆ.

ಸ್ವರಸಂಚಾರಿ:
ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ ಮೇಡಂ. ಹೆಚ್ಚುಕಡಿಮೆ ಇದೇ ತಿರುಳು.

ಹಳೇಪುಟ:
ಚರ್ಚೆ ಚೆನ್ನಾಗಿದೆ. ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕು. ಸೋತ ವಿಚೆಂಟಿನೊ ಸುಮ್ಮನೆ ಕೂರಲಿಲ್ಲ. 1555ರಲ್ಲಿ ರೋಮ್‌ನಲ್ಲೇ ‘ಹಳೆಯ ಸಂಗೀತವನ್ನು ಇಂದಿನ ರೂಢಿಗೆ ತಂದದ್ದು’ ಎಂಬರ್ಥದ ಹೆಸರಿನ ದೊಡ್ಡ ಗ್ರಂಥ ಅಚ್ಚು ಹಾಕಿಸಿದ. ಅದರಲ್ಲಿ ಈ ವಾದದ ಕತೆಯನ್ನೂ ಬರೆದ, ತೀರ್ಪನ್ನೂ ಸೇರಿಸಿದ. ಜೊತೆಗೆ ಒಂದು ಆರೋಪ ಮಾಡಿದ. 1553ರಲ್ಲಿ ಲುಸಿತಾನೊ ಪ್ರಕಟಿಸಿದ ಪಠ್ಯಪುಸ್ತಕದ ಕೊನೆಯಲ್ಲಿ ಮೂರು ವರ್ಗಗಳ ವಿಷಯ ಬರುತ್ತದೆ. ಅಲ್ಲಿ ಅವನು ನನ್ನ ಮಾತನ್ನೇ ಒಪ್ಪಿಕೊಂಡಿದ್ದಾನೆ ಅನ್ನುವುದು ವಿಚೆಂಟಿನೊ ವಾದ.

ಇದನ್ನು ಪೂರ್ತಿ ತಳ್ಳಿಹಾಕಲಾಗದು. ಆ ಪುಸ್ತಕದಲ್ಲಿ ನೆಗೆತಗಳನ್ನು ವರ್ಗಗಳಿಗೆ ಸೇರಿಸಿ ಹೇಳುವ ಭಾಗ ಇದೆ. ಆದರೆ ಬಿಡಿಯಾಗಿ ಒಂದು ನೆಗೆತವನ್ನು ವಿವರಿಸುವುದು ಬೇರೆ, ಒಂದಿಡೀ ಹಾಡು ಯಾವ ವರ್ಗದ್ದು ಅಂತ ಹೇಳುವುದು ಬೇರೆ. ತೀರ್ಪು ಎರಡನೆಯದರ ಬಗ್ಗೆ.

ನನ್ನನ್ನು ಕಾಡುವ ವಿಷಯ ಇದು. ವಿಚೆಂಟಿನೊ ಹೇಳಿದ ಕತೆ ಸರಿಯಿಲ್ಲ ಅಂತ ತೀರ್ಪುಗಾರ ಡಾಂಕರ್ಟ್ಸ್ ಒಂದು ಗ್ರಂಥವನ್ನೇ ಬರೆದ. ಅದು ಅವನ ಕಾಲದಲ್ಲಿ ಅಚ್ಚಾಗಲಿಲ್ಲ. ಹಸ್ತಪ್ರತಿ ರೋಮ್‌ನ ವಲ್ಲಿಚೆಲ್ಲಿಯಾನಾ ಗ್ರಂಥಾಲಯದಲ್ಲಿ ಉಳಿಯಿತು. ಸೋತವನ ಪುಸ್ತಕ ಅಂಗಡಿಗೆ ಬಂತು, ತೀರ್ಪುಗಾರನ ಪುಸ್ತಕ ಕಪಾಟಿನಲ್ಲಿ ಕೂತಿತು. ಮುಂದಿನ ತಲೆಮಾರಿನವರು ಓದಿದ್ದು ಯಾವುದನ್ನು ಅಂತ ಬೇರೆ ಹೇಳಬೇಕಾ?

ಹಾಗಂತ ವಿಚೆಂಟಿನೊ ಸಣ್ಣವನೇನಲ್ಲ. ಒಂದು ಸ್ಥಾಯಿಯನ್ನು 31 ಪಾಲು ಮಾಡಿ ನುಡಿಸುವ ಎರಡು ಸಾಲು ಕೀಲಿಗಳ ವಾದ್ಯ ಕಟ್ಟಿಸಿದವನು. ಅವನ ಧೈರ್ಯ ನನಗೆ ಇಷ್ಟ. ಅವನನ್ನು ಓದುವಾಗ ಲುಸಿತಾನೊನನ್ನೂ ಓದಬೇಕು ಅನ್ನುವುದಷ್ಟೇ ನನ್ನ ಮಾತು.

ಕಡಲತಡಿ:
ನಾನು ಮಂಗಳೂರಿನವ. ನಮ್ಮ ಇಗರ್ಜಿಯ ಕ್ವಾಯರ್‌ನಲ್ಲಿ ಟೆನರ್ ಹಾಡುತ್ತೇನೆ. ವಾದವಿವಾದ ಆಯಿತು, ಈಗ ಹಾಡಿನ ವಿಷಯ ಹೇಳಿ ಮಾರಾಯ್ರೆ. ನಿಯಮದಲ್ಲಿ ಗಟ್ಟಿ ಇರುವ ಶಾಸ್ತ್ರಕಾರರ ಹಾಡು ಎಷ್ಟೋ ಸಲ ಕೇಳಲು ಒಣಗಿಹೋಗಿರುತ್ತದೆ. ಇವನದು ಹೇಗೆ? ಮೊದಲು ಯಾವುದು ಕೇಳಲಿ?

ಸ್ವರಸಂಚಾರಿ:
ಕಡಲತಡಿ ಅವರೇ, ನಾನು ಕಾಯುತ್ತಿದ್ದ ಪ್ರಶ್ನೆ. ಒಣಗಿದ್ದಾ? ಖಂಡಿತ ಅಲ್ಲ. ಕಣ್ಣು ಮುಚ್ಚಿಕೊಂಡು ‘ಇನ್‌ವಿಯೊಲಾತಾ, ಇಂತೆಗ್ರಾ ಎತ್ ಕಾಸ್ತಾ ಎಸ್ ಮರಿಯಾ’ ಹಾಕಿ. ಎಂಟು ದನಿಗಳ ಮೋಟೆಟ್.

ಇದನ್ನು ಸವಿಯಲು ಸ್ವಲ್ಪ ಹಿನ್ನೆಲೆ ಬೇಕು. ಮಾತೆ ಮರಿಯಮ್ಮನ ಈ ಹಾಡನ್ನು ಜೋಸ್ಕನ್ ಮೊದಲೇ ಐದು ದನಿಗೆ ಬರೆದಿದ್ದ. ಅದರಲ್ಲಿ ಎರಡು ದನಿಗಳು ಮೂಲ ಚರ್ಚ್ ರಾಗವನ್ನು ಕ್ಯಾನನ್ ಆಗಿ ಹಾಡುತ್ತವೆ. ಒಂದು ದನಿ ಹೊರಡುತ್ತದೆ, ಇನ್ನೊಂದು ಸ್ವಲ್ಪ ತಡೆದು ಅದೇ ರಾಗವನ್ನು ಬೇರೆ ಎತ್ತರದಲ್ಲಿ ಹಿಂಬಾಲಿಸುತ್ತದೆ. ಮೂರು ಭಾಗದ ಹಾಡು. ಭಾಗದಿಂದ ಭಾಗಕ್ಕೆ ಎರಡು ದನಿಗಳ ನಡುವಿನ ಕಾಲದ ಅಂತರ ಕಡಿಮೆಯಾಗುತ್ತಾ ಬರುತ್ತದೆ. ಕೊನೆಗೆ ಹಿಂದಿನ ದನಿ ಮುಂದಿನದರ ಬೆನ್ನಿಗೇ ಬಂದುಬಿಟ್ಟಿರುತ್ತದೆ. ಜೋಸ್ಕನ್ ತೀರಿಕೊಂಡದ್ದು 1521ರಲ್ಲಿ. ಮೂವತ್ತು ವರ್ಷದ ಮೇಲೂ ಅವನ ಹೆಸರು ಹೇಳಿದರೆ ಸಂಗೀತಗಾರರು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಅಂಥ ಹಾಡನ್ನು ಲುಸಿತಾನೊ ಕೈಗೆ ತೆಗೆದುಕೊಂಡು ಎಂಟು ದನಿಗೆ ಬೆಳೆಸುತ್ತಾನೆ. ದನಿ ಜಾಸ್ತಿಯಾದಷ್ಟು ಜಾಗ ಇಕ್ಕಟ್ಟು. ಎಂಟು ಜನ ಒಟ್ಟಿಗೆ ಹಾಡಿದರೆ ಒಬ್ಬರ ಸಾಲು ಇನ್ನೊಬ್ಬರ ಸಾಲನ್ನು ಮುಚ್ಚಿಹಾಕುವ ಅಪಾಯ. ಇಲ್ಲಿ ಹಾಗಾಗುವುದಿಲ್ಲ. ಒಂದು ದನಿ ಮೇಲೇರಿ ಮಾತು ಮುಗಿಸುವ ಹೊತ್ತಿಗೆ ಪಕ್ಕದ್ದು ಕೆಳಗಿಳಿದು ಜಾಗ ಬಿಡುತ್ತದೆ. ದಪ್ಪ ನಾದದ ಒಳಗೆ ಜೋಸ್ಕನ್‌ನ ಹಾಡು ಇನ್ನೂ ಗುರುತು ಸಿಗುತ್ತದೆ. ಅಂಥ ಹಿರಿಯನ ಹಾಡಿಗೆ ಹೀಗೆ ಗೌರವ ಸಲ್ಲಿಸಲು ಎದೆಗಾರಿಕೆ ಬೇಕು, ಕೈಯಲ್ಲಿ ವಿದ್ಯೆಯೂ ಬೇಕು. ‘ಪ್ರೇಟೆರ್ ರೇರುಂ ಸೆರಿಯೆಂ’ ಎಂಬ ಇನ್ನೊಂದು ಮೋಟೆಟ್‌ನಲ್ಲೂ ಜೋಸ್ಕನ್‌ನ ರಚನೆಗೇ ಎದುರಾಗಿ ನಿಂತಿದ್ದಾನೆ.

ಆಮೇಲೆ ‘ಹೇವ್ ಮೇ ದೊಮಿನೆ’ ಕೇಳಿ. ಬರೀ ನಾಲ್ಕು ದನಿ. “ಅಯ್ಯೋ ಪ್ರಭು, ಬಾಳಿನಲ್ಲಿ ತುಂಬ ಪಾಪ ಮಾಡಿದೆ, ಏನು ಮಾಡಲಿ, ಎಲ್ಲಿಗೆ ಓಡಲಿ” ಎಂದು ಮೊರೆಯಿಡುವ ಸಾಲುಗಳು. ಸತ್ತವರಿಗಾಗಿ ಮಾಡುವ ಪ್ರಾರ್ಥನೆಯಿಂದ ಬಂದವು. ಇಲ್ಲಿ ಸ್ವರ ಅರ್ಧರ್ಧ ಮೆಟ್ಟಿಲು ಏರುತ್ತದೆ. ಒಂದು ದನಿ ಹಾಗೆ ಏರುವಾಗ ಇನ್ನೊಂದು ಅದೇ ಏರಿಕೆ ಹಿಡಿದು ಸೇರುತ್ತದೆ. ಕಿವಿಗೆ ಊರಲು ನೆಲವೇ ಸಿಗುವುದಿಲ್ಲ. ರೋಮ್‌ನಲ್ಲಿ ಡಯಟೋನಿಕ್ ಪರ ವಾದಿಸಿ ಗೆದ್ದವನು ಕ್ರೋಮ್ಯಾಟಿಕ್ ಏರಿಕೆಯನ್ನು ಇಷ್ಟು ಗಟ್ಟಿಯಾಗಿ ಬಳಸಬಲ್ಲವನಾಗಿದ್ದ ಅನ್ನುವುದಕ್ಕೆ ಇದೇ ಸಾಕ್ಷಿ. ಅವನಿಗೆ ಕ್ರೋಮ್ಯಾಟಿಕ್ ಬೇಡವಾಗಿರಲಿಲ್ಲ. ಅದು ಎಲ್ಲಿದೆ, ಎಲ್ಲಿ ಇಲ್ಲ ಅಂತ ಸ್ಪಷ್ಟವಾಗಿ ಗೊತ್ತಿತ್ತು.

ಕಡಲತಡಿ:
ಈಗಷ್ಟೇ ಎರಡೂ ಕೇಳಿದೆ. ‘ಹೇವ್ ಮೇ’ ಶುರುವಿನಲ್ಲಿ ಮೈ ಜುಂ ಅಂತು. ಇದನ್ನು 16ನೇ ಶತಮಾನದಲ್ಲಿ ಬರೆದದ್ದು ಅಂತ ಹೇಳದಿದ್ದರೆ ಯಾವುದೋ ಆಧುನಿಕ ರಚನೆ ಅಂದುಕೊಳ್ಳುತ್ತಿದ್ದೆ. ನಮ್ಮ ಕ್ವಾಯರ್ ಮಾಸ್ಟರ್‌ಗೆ ಕಳಿಸಿದ್ದೇನೆ.

ಮೊದಲಓದು:
ಹೊಸಬಳು, ಒಂದು ಪ್ರಶ್ನೆ. ಆಫ್ರಿಕಾ ಮೂಲ ಅನ್ನುವುದಕ್ಕೆ ಆಧಾರ ಏನು? ಚಿತ್ರ ಏನಾದರೂ ಇದೆಯಾ?

ಹಳೇಪುಟ:
ಒಳ್ಳೆಯ ಪ್ರಶ್ನೆ ತಂಗಿ, ಕೇಳಲೇಬೇಕಾದದ್ದು. ಚಿತ್ರ ಇಲ್ಲ. ಆಧಾರ ಒಂದು ಬರಹ. 17ನೇ ಶತಮಾನದಲ್ಲಿ ಜುವಾಂವ್ ಫ್ರಾಂಕೊ ಬರೆತೊ ಎಂಬ ಪೋರ್ಚುಗೀಸ್ ವಿದ್ವಾಂಸ ತನ್ನ ದೇಶದ ಲೇಖಕರ ಪಟ್ಟಿ ಮಾಡಿದ. ಅದು ಹಸ್ತಪ್ರತಿಯಲ್ಲೇ ಉಳಿಯಿತು. ಅದರಲ್ಲಿ ಲುಸಿತಾನೊನನ್ನು ‘ಪಾರ್ದೊ’ ಎಂದು ಕರೆದಿದ್ದಾನೆ. ಆಫ್ರಿಕನ್ ಮತ್ತು ಯುರೋಪಿಯನ್ ರಕ್ತ ಬೆರೆತವರಿಗೆ ಅಲ್ಲಿ ಹೀಗೆ ಹೇಳುತ್ತಿದ್ದರು. 18ನೇ ಶತಮಾನದಲ್ಲಿ ಬಾರ್ಬೊಸಾ ಮಶಾದೊ ತನ್ನ ದೊಡ್ಡ ಕೋಶವನ್ನು ಅಚ್ಚು ಹಾಕಿಸಿದ. ಲುಸಿತಾನೊ ಒಲಿವೆನ್ಸಾದವನು, ಇಟಲಿಯ ಪಾದುವಾ ಮತ್ತು ವಿತೆರ್ಬೊದಲ್ಲಿ ಪಾಠ ಹೇಳಿದ ಅಂತೆಲ್ಲ ಅದರಲ್ಲಿದೆ. ಆದರೆ ಆ ಒಂದು ವಿವರ ಬಿಟ್ಟುಹೋಯಿತು. ಎಲ್ಲರೂ ಅಚ್ಚಾದ ಕೋಶವನ್ನೇ ನೋಡಿದರು.

ಅಮೆರಿಕದ ಸಂಗೀತ ಇತಿಹಾಸಕಾರ ರಾಬರ್ಟ್ ಸ್ಟೀವನ್‌ಸನ್ 1962ರಲ್ಲಿ ಲುಸಿತಾನೊ ಬಗ್ಗೆ ಲೇಖನ ಬರೆದರು. 1982ರಲ್ಲಿ ಮತ್ತೊಂದು. ಅದರಲ್ಲೇ, ರಚನೆಗಳು ಅಚ್ಚಾದ ಮೊದಲ ಕಪ್ಪು ಸಂಗೀತಗಾರ ಇವನು ಅಂತ ಎತ್ತಿ ಹೇಳಿದರು. ನಡುವೆ 1977ರಲ್ಲಿ ಮರಿಯಾ ಆಗುಸ್ತಾ ಆಲ್ವೆಸ್ ಬಾರ್ಬೊಸಾ ಅವರ ಪೂರ್ಣ ಅಧ್ಯಯನ ಲಿಸ್ಬನ್‌ನಲ್ಲಿ ಪ್ರಕಟವಾಯಿತು.

ಆ ಕಾಲದ ಪೋರ್ಚುಗಲ್ ಹೇಗಿತ್ತು ಅಂತ ತಿಳಿದರೆ ಇದರಲ್ಲಿ ಅಚ್ಚರಿಪಡುವಂಥದ್ದಿಲ್ಲ. 1551ರ ಸುಮಾರಿಗೆ ಲಿಸ್ಬನ್‌ನ ಜನಸಂಖ್ಯೆ ಸುಮಾರು ಒಂದು ಲಕ್ಷ. ಅದರಲ್ಲಿ ಸುಮಾರು 10,000 ಜನ ಗುಲಾಮರು ಅಂತ ಆಗಿನ ಲೆಕ್ಕ ಹೇಳುತ್ತದೆ. ಗೋವಾಕ್ಕೆ ಹಡಗು ಕಳಿಸುತ್ತಿದ್ದ ಅದೇ ಸಾಮ್ರಾಜ್ಯ ಆಫ್ರಿಕಾದ ದಡದಿಂದ ಜನರನ್ನು ಹೊತ್ತು ತರುತ್ತಿತ್ತು. ಅಂಥ ಸಮಾಜದಿಂದ ಹೊರಟು ರೋಮ್‌ನಲ್ಲಿ ಪುಸ್ತಕ ಅಚ್ಚು ಹಾಕಿಸುವಷ್ಟು ಬೆಳೆದ ಅನ್ನುವುದನ್ನು ಮರೆಯಬಾರದು. ರೋಮ್‌ನಲ್ಲಿ ಯಾವ ಚರ್ಚ್‌ನಲ್ಲೂ ಅವನಿಗೆ ಕಾಯಂ ಹುದ್ದೆ ಇದ್ದ ದಾಖಲೆ ಸಿಕ್ಕಿಲ್ಲ. ಪೋರ್ಚುಗಲ್ ರಾಯಭಾರಿ ಲೆಂಕಾಸ್ತ್ರೆ ಅವರ ಮನೆತನದ ಆಶ್ರಯ ಇತ್ತು. ಅದೇ 1551ರಲ್ಲಿ ಪ್ಯಾಲೆಸ್ಟ್ರೀನಾಗೆ ಸಂತ ಪೀಟರ್ ಬಸಿಲಿಕಾದ ಗಾಯನ ಮಂಡಳಿಯ ಹೊಣೆ ಸಿಕ್ಕಿತ್ತು. ಇಬ್ಬರ ದಾರಿ ಎಷ್ಟು ಬೇರೆ ನೋಡಿ.

ಮೊದಲಓದು:
ಧನ್ಯವಾದ ಅಣ್ಣ. ಇಷ್ಟು ವಿವರವಾಗಿ ಹೇಳ್ತೀರಿ ಅಂದುಕೊಂಡಿರಲಿಲ್ಲ. ಆಮೇಲೆ ಅವನು ಏನಾದ?

ನೆಕರ್ ದಂಡೆ:
ಇದಕ್ಕೆ ನಾನು ಉತ್ತರಿಸಬಹುದು. ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರ, ಮತ್ತು ಕತೆಯ ಕೊನೆ ನಡೆಯುವುದು ಇದೇ ಸೀಮೆಯಲ್ಲಿ.

ಲುಸಿತಾನೊ ಕ್ಯಾಥೊಲಿಕ್ ಪಾದ್ರಿಯಾಗಿದ್ದವನು. ಆದರೆ ಆಮೇಲೆ ಪ್ರಾಟೆಸ್ಟಂಟ್ ಆದ. ಮದುವೆಯೂ ಆದ. 1550ರ ದಶಕದ ರೋಮ್ ಹೇಗಿತ್ತು ಅಂದರೆ, 1555ರಲ್ಲಿ ಪೋಪ್ ನಾಲ್ಕನೇ ಪಾಲ್ ತನ್ನ ಗಾಯನ ಮಂಡಳಿಯಲ್ಲಿದ್ದ ಮದುವೆಯಾದ ಗಾಯಕರನ್ನು ಕೆಲಸದಿಂದ ತೆಗೆದ. ಪ್ಯಾಲೆಸ್ಟ್ರೀನಾ ಕೂಡ ಹೀಗೆ ಕೆಲಸ ಕಳೆದುಕೊಂಡವನೇ. ಬರೀ ಗಾಯಕರಿಗೇ ಹೀಗಾದರೆ, ಪಾದ್ರಿಯಾಗಿದ್ದು ಪಂಥ ಬದಲಿಸಿ ಮದುವೆಯಾದವನಿಗೆ ಇಟಲಿಯಲ್ಲಿ ಉಳಿಗಾಲ ಎಲ್ಲಿ?

ಇಲ್ಲಿ ವ್ಯೂರ್ಟೆಂಬರ್ಗ್‌ನಲ್ಲಿ ಡ್ಯೂಕ್ ಕ್ರಿಸ್ಟೋಫ್ ಆಳುತ್ತಿದ್ದ, ಲೂಥರ್ ಪಂಥದವನು. ಅವನ ಆಶ್ರಯದಲ್ಲಿ ಪಿಯೆರ್ ಪಾವೊಲೊ ವೆರ್ಜೆರಿಯೊ ಇದ್ದ. ಈತನೂ ಹಿಂದೆ ಕ್ಯಾಥೊಲಿಕ್ ಬಿಷಪ್ ಆಗಿದ್ದು ಪಂಥ ಬಿಟ್ಟು ಬಂದವನು. ಲುಸಿತಾನೊ ಪರವಾಗಿ ಡ್ಯೂಕ್‌ಗೆ ಪತ್ರ ಬರೆದವನು ಇವನೇ. 1561ರಲ್ಲಿ ಲುಸಿತಾನೊಗೆ ಡ್ಯೂಕ್‌ನಿಂದ ಹಣ ಸಂದಿದೆ. ಬೈಬಲ್ ಕೀರ್ತನೆಯೊಂದಕ್ಕೆ ಕಟ್ಟಿದ ‘ಬೆಯಾತಿ ಓಮ್ನೆಸ್’ ಎಂಬ ಮೋಟೆಟ್‌ನ ಹಸ್ತಪ್ರತಿ ಸ್ಟುಟ್‌ಗಾರ್ಟ್‌ನಲ್ಲಿ ಉಳಿದಿದೆ.

ಆ ಕೀರ್ತನೆಯ ಮಾತು ನೋಡಿ. ದೇವರಿಗೆ ಭಯಪಟ್ಟು ನಡೆಯುವವನು ಧನ್ಯ, ತನ್ನ ಕೈಯ ದುಡಿಮೆಯನ್ನು ತಾನೇ ಉಣ್ಣುವನು, ಮನೆಯಲ್ಲಿ ಹೆಂಡತಿ ಫಲ ಬಿಟ್ಟ ದ್ರಾಕ್ಷಿಬಳ್ಳಿಯಂತೆ ಇರುವಳು, ಮಕ್ಕಳು ಎಣ್ಣೆಮರದ ಸಸಿಗಳಂತೆ ಮೇಜಿನ ಸುತ್ತ ಇರುವರು. ಪಾದ್ರಿತನ ಬಿಟ್ಟು ಸಂಸಾರಿಯಾದವನು ಹೊಸ ನೆಲದಲ್ಲಿ ಹೊಸ ಧಣಿಗೆ ಕೊಟ್ಟ ಹಾಡು ಇದು. ಸುಮ್ನೆ ಆರಿಸಿದ್ದು ಅಂತ ನನಗಂತೂ ಅನ್ನಿಸುವುದಿಲ್ಲ. 1562ರಲ್ಲಿ ಅವನ ಒಂದು ಮ್ಯಾಡ್ರಿಗಲ್ (ಚರ್ಚ್ ಹೊರಗಿನ ಬಹುದನಿ ಹಾಡು) ವೆನಿಸ್‌ನ ಸಂಪುಟದಲ್ಲಿ ಬಂದಿದೆ. ಆಮೇಲೆ ದಾಖಲೆಗಳು ನಿಂತುಹೋಗುತ್ತವೆ.

ವೀಣೆತಂತಿ:
ಈ ಕೊನೆಯ ಭಾಗ ಓದಿ ಮನಸ್ಸು ಭಾರವಾಯಿತು. ಕ್ಯಾಥೊಲಿಕ್ ಕಡೆಯವರಿಗೆ ಅವನು ಬಿಟ್ಟು ಹೋದವನು. ಪ್ರಾಟೆಸ್ಟಂಟ್ ಕಡೆ ಹೊಸಬ. ಎರಡೂ ಕಡೆ ನಮ್ಮವನು ಅಂತ ಹೇಳಿಕೊಳ್ಳುವವರು ಇರಲಿಲ್ಲ ಅಲ್ವಾ? ಹೆಸರು ಮರೆಯಾಗಲು ಅಚ್ಚಿನ ಕತೆಯಷ್ಟೇ ಇದೂ ಕಾರಣ ಅನ್ನಿಸುತ್ತದೆ.

ಇನ್ನೊಂದು ಕೇಳಬೇಕಿತ್ತು. 1553ರ ಆ ಪಠ್ಯಪುಸ್ತಕದಲ್ಲಿ ಮತ್ತೇನಿದೆ?

ಸ್ವರಸಂಚಾರಿ:
ಮೇಡಂ, ಅದು ನಿಮಗೆ ಇಷ್ಟವಾಗುವ ವಿಷಯ. ಹೆಸರೇ ‘ಅತಿ ಸುಲಭದ, ಹೊಚ್ಚ ಹೊಸ ಪ್ರವೇಶಿಕೆ’ ಅಂತ. ರೋಮ್‌ನಲ್ಲಿ ಬ್ಲಾದೊ ಅಚ್ಚು ಹಾಕಿದ. ವೆನಿಸ್‌ನಲ್ಲಿ 1558 ಮತ್ತು 1561ರಲ್ಲಿ ಮತ್ತೆ ಅಚ್ಚಾಯಿತು. ಬೇಡಿಕೆ ಇಲ್ಲದೆ ಮೂರು ಸಲ ಅಚ್ಚಾಗುವುದಿಲ್ಲ. ಅದರಲ್ಲಿ ಒಂದು ಮುಖ್ಯ ಪಾಠ, ಬರೆಯದೆ ಹಾಡುವ ಕೌಂಟರ್‌ಪಾಯಿಂಟ್. ಎದುರಿಗೆ ದೊಡ್ಡ ಪುಸ್ತಕ, ಅದರಲ್ಲಿ ಮೂಲ ರಾಗ ಒಂದೇ. ಒಬ್ಬ ಅದನ್ನು ನಿಧಾನವಾಗಿ ಹಾಡುತ್ತಾನೆ. ಉಳಿದವರು ಪುಸ್ತಕ ನೋಡುತ್ತಲೇ ಆ ಗಳಿಗೆಯಲ್ಲಿ ತಮ್ಮ ತಮ್ಮ ಸಾಲು ಕಟ್ಟಿ ಸೇರಿಸಬೇಕು. ಯಾವ ಸ್ವರದ ಮೇಲೆ ಯಾವುದು ಹೊಂದುತ್ತದೆ, ರಾಗ ಒಂದು ಮೆಟ್ಟಿಲು ಏರಿದರೆ ನಾನು ಎಲ್ಲಿಗೆ ಹೋಗಬೇಕು ಅನ್ನುವುದು ಬಾಯಿಪಾಠ ಆಗಿರಬೇಕು.

ಪ್ಯಾರಿಸ್‌ನಲ್ಲಿ ಒಂದು ಹಸ್ತಪ್ರತಿ ಇದೆ, ಸ್ಪ್ಯಾನಿಷ್ ಭಾಷೆಯದು. 1913ರಲ್ಲಿ ಆಂರಿ ಕೊಲೆ ಅದನ್ನು ಕರ್ತೃ ಹೆಸರಿಲ್ಲದೆ ಪ್ರಕಟಿಸಿದ್ದರು. ಅದು ಲುಸಿತಾನೊನದೇ ಅಂತ ಆಮೇಲೆ ವಿದ್ವಾಂಸರು ಗುರುತಿಸಿದರು. ಈ ವಿದ್ಯೆಯನ್ನು ಅದರಲ್ಲಿ ಇನ್ನೂ ಆಳವಾಗಿ ಹೇಳಿದ್ದಾನೆ. ಫಿಲಿಪ್ ಕಾಂಗಿಲೆಂ 2013ರಲ್ಲಿ ಇದರ ಮೇಲೆ ಒಂದಿಡೀ ಪುಸ್ತಕ ತಂದರು. ಚರ್ಚ್‌ಗಳಲ್ಲಿ ದಿನಾ ಕೇಳುತ್ತಿದ್ದ ಬಹುದನಿ ಸಂಗೀತದಲ್ಲಿ ಎಷ್ಟೋ ಪಾಲು ಕಾಗದಕ್ಕೆ ಇಳಿಯಲೇ ಇಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ವೀಣೆತಂತಿ:
ಅಂದರೆ ನಮ್ಮ ಮನೋಧರ್ಮ, ಆ ಗಳಿಗೆಯಲ್ಲೇ ಕಟ್ಟಿ ಹಾಡುವುದು! ಅದೂ ನಾಲ್ಕೈದು ಜನ ಒಟ್ಟಿಗೆ. ನಾವು ಒಬ್ಬರೇ ಸ್ವರ ಹಾಕುವಾಗಲೇ ಬೆವರುತ್ತದೆ.

ಕಡಲತಡಿ:
ಕ್ವಾಯರ್ ಮಾಸ್ಟರ್ ಕೇಳಿ ಖುಷಿಪಟ್ಟಿದ್ದಾರೆ. ತಪಸ್ಸು ಕಾಲದಲ್ಲಿ (ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಲ್ಲಿ) ‘ಹೇವ್ ಮೇ ದೊಮಿನೆ’ ಹಾಡಿಸುವ ಯೋಚನೆ ಇದೆ. ಎರಡು ಅನುಮಾನ. ಮೂಲ ಅಚ್ಚಿನ ಪ್ರತಿ ನೋಡಿ ಹಾಡಬಹುದಾ? ಅರ್ಧ ಮೆಟ್ಟಿಲ ಏರಿಕೆಯಲ್ಲಿ ನಮ್ಮವರು ಶ್ರುತಿ ಬಿಡುತ್ತಾರೆ, ಏನು ಮಾಡುವುದು?

ಸ್ವರಸಂಚಾರಿ:
ತುಂಬ ಸಂತೋಷದ ಸುದ್ದಿ. ಮೊದಲನೆಯದಕ್ಕೆ: ಬೇಡ. 16ನೇ ಶತಮಾನದ ಮೋಟೆಟ್ ಸಂಪುಟಗಳಲ್ಲಿ ಎಲ್ಲ ದನಿ ಒಟ್ಟಿಗೆ ಕಾಣುವ ಪುಟವೇ ಇರುವುದಿಲ್ಲ. ಟೆನರ್‌ಗೆ ಒಂದು ಪುಸ್ತಕ, ಬಾಸ್‌ಗೆ ಇನ್ನೊಂದು, ಹೀಗೆ ಬೇರೆ ಬೇರೆ. ತಾಳದ ಗೆರೆಗಳೂ ಇಲ್ಲ. ಮುಗಿತಾಯದಲ್ಲಿ ಯಾವ ಸ್ವರವನ್ನು ಅರ್ಧ ಮೆಟ್ಟಿಲು ಏರಿಸಬೇಕು ಅನ್ನುವುದನ್ನು ಎಷ್ಟೋ ಕಡೆ ಬರೆದೇ ಇರುವುದಿಲ್ಲ, ಗಾಯಕರಿಗೆ ಗೊತ್ತಿರಬೇಕಿತ್ತು. ಇದನ್ನೆಲ್ಲ ಜೋಡಿಸಿ ಸ್ಕೋರ್ ಮಾಡುವುದೇ ದೊಡ್ಡ ಕೆಲಸ. ಇತ್ತೀಚಿನ ವರ್ಷಗಳಲ್ಲಿ ಜೋಸೆಫ್ ಮೆಕ್‌ಹಾರ್ಡಿ, ರೋರಿ ಮೆಕ್‌ಕ್ಲೀರಿ ಅಂಥವರು ಕೂತು ಮಾಡಿದ್ದರಿಂದಲೇ ನಮಗೆ ಇವು ಕೇಳಲು ಸಿಕ್ಕಿವೆ. ಮೆಕ್‌ಕ್ಲೀರಿ ನಡೆಸುವ ಮೇರಿಯನ್ ಕನ್ಸರ್ಟ್ ತಂಡದ ಲುಸಿತಾನೊ ಧ್ವನಿಮುದ್ರಿಕೆ 2022ರಲ್ಲಿ ಬಂತು. ನೀವು ಕ್ವಾಯರ್ ಸ್ಕೋರ್‌ಗಳು ಉಚಿತವಾಗಿ ಸಿಗುವ ಸಿಪಿಡಿಎಲ್ ತಾಣದಲ್ಲಿ ಆಧುನಿಕ ಸ್ಕೋರ್ ಹುಡುಕಿ.

ಶ್ರುತಿಗೆ ವೀಣೆತಂತಿ ಅವರು ಏನಂತಾರೆ?

ವೀಣೆತಂತಿ:
ತಂಬೂರಿ ಹಾಕಿಕೊಂಡು ಅಭ್ಯಾಸ ಮಾಡಿಸಿ. ಪಿಯಾನೊ ಬೇಡ. ಏರಿಕೆಯ ಒಂದೊಂದು ಸ್ವರದಲ್ಲೂ ನಿಂತು, ಆಧಾರ ಷಡ್ಜಕ್ಕೆ ಅದು ಹೇಗೆ ಕೂರುತ್ತದೆ ಅಂತ ಕಿವಿಗೆ ಬೀಳಲಿ. ವೇಗ ಆಮೇಲೆ. ಎರಡು ಸ್ವರದ ನಡುವೆ ಜಾರಿಸಲು ಬಿಡಬೇಡಿ, ನಮ್ಮ ಗಮಕ ಅಲ್ಲಿ ಬೇಡ.

ಕಡಲತಡಿ:
ತಂಬೂರಿ ಉಪಾಯ ಚೆನ್ನಾಗಿದೆ ಮೇಡಂ, ಭಾನುವಾರದ ಅಭ್ಯಾಸದಲ್ಲೇ ಮಾಡಿ ನೋಡುತ್ತೇವೆ. ಮೊದಲು ಬಾಸ್ ಮತ್ತು ಟೆನರ್ ಎರಡನ್ನೇ ಕೂರಿಸುತ್ತೇನೆ, ಗಟ್ಟಿಯಾದ ಮೇಲೆ ಹೆಂಗಸರ ದನಿ ಸೇರಿಸುತ್ತೇವೆ. ಕಾರ್ಯಕ್ರಮದ ಹಾಳೆಯಲ್ಲಿ ಲುಸಿತಾನೊ ಬಗ್ಗೆ ಅರ್ಧ ಪುಟ ಹಾಕಬೇಕು. ಹಳೇಪುಟ ಅವರೇ, ಬರೆದುಕೊಡ್ತೀರಾ?

ಹಳೇಪುಟ:
ಖಂಡಿತ. ಒಲಿವೆನ್ಸಾದಿಂದ ಸ್ಟುಟ್‌ಗಾರ್ಟ್‌ವರೆಗೆ, ವಾದದ ತೀರ್ಪನ್ನೂ ಸೇರಿಸಿ ಬರೆದು ಇಲ್ಲೇ ಹಾಕುತ್ತೇನೆ. ನೆಕರ್ ದಂಡೆ ಅವರು ಜರ್ಮನಿಯ ಭಾಗವನ್ನು ಒಮ್ಮೆ ನೋಡಿಕೊಡಲಿ.